ಪರದೆ ಸುಮ್ಮನಾದಾಗ ಮಾತಾಡುವ ತಂತಿ

ಕಂಪ್ಯೂಟರ್ ಅಂದ ತಕ್ಷಣ ನಮಗೆ ನೆನಪಾಗುವುದು ಅದರ ಪರದೆ. ಆದರೆ ಪರದೆ ಬಳಕೆಗೆ ಬರುವ ಮೊದಲು ಕಂಪ್ಯೂಟರ್ ತನ್ನ ಮಾತನ್ನು ಕಾಗದದ ಮೇಲೆ ಹೇಳುತ್ತಿತ್ತು.

ಹಿಂದೆ ಪತ್ರಿಕಾ ಕಚೇರಿಗಳಲ್ಲಿ ಟಕಟಕ ಸದ್ದು ಮಾಡುತ್ತ ಪಿಟಿಐ ಸುದ್ದಿ ತರುತ್ತಿದ್ದ ಟೆಲಿಪ್ರಿಂಟರ್ ಬಗ್ಗೆ ಕೇಳಿರುತ್ತೀರಿ. ಅದೇ ಜಾತಿಯ ಯಂತ್ರ ಅಮೆರಿಕದ ಟೆಲಿಟೈಪ್ ಮಾಡೆಲ್ 33. 1963ರಲ್ಲಿ ಬಂದ ಇದು ಸೆಕೆಂಡಿಗೆ 10 ಅಕ್ಷರ ಅಚ್ಚು ಮಾಡುತ್ತಿತ್ತು. ಇದನ್ನು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿ, ಇದರಲ್ಲೇ ಅಪ್ಪಣೆ ಟೈಪ್ ಮಾಡಿ ಇದರಲ್ಲೇ ಉತ್ತರ ಓದುತ್ತಿದ್ದರು. ಹೀಗೆ ಯಂತ್ರದ ಜೊತೆ ನೇರವಾಗಿ ಮಾತಾಡುವ ಜಾಗಕ್ಕೆ ಕನ್ಸೋಲ್ ಎಂದು ಹೆಸರು.

ಆ ತಂತಿಯಲ್ಲಿ ಬಿಟ್‌ಗಳು ಗದ್ದೆ ಬದುವಿನ ಮೇಲೆ ಜನ ನಡೆದಂತೆ ಒಂದರ ಹಿಂದೆ ಒಂದು ಹೋಗುತ್ತವೆ. ಅದಕ್ಕೇ ಅದು ಸೀರಿಯಲ್ ಪೋರ್ಟ್. ಇದಕ್ಕೆ ಆರ್‌ಎಸ್-232 ಎಂಬ ನಿಯಮ 1960ರಲ್ಲೇ ಬಂದಿತ್ತು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟಲು ಕೂತಾಗಲೂ ಬಳಸಿದ್ದು ಟೆಲಿಟೈಪನ್ನೇ. ಅದರ ಗುರುತಾದ ‘ಟಿಟಿವೈ’ ಎಂಬ ಹೆಸರು ಇಂದಿನ ಲಿನಕ್ಸ್‌ನಲ್ಲೂ ಇದೆ.

1981ರಲ್ಲಿ ಐಬಿಎಂ ಪಿಸಿ ಬಂತು. ಪರದೆ, ಕೀಬೋರ್ಡ್ ಮೇಜಿನ ಮೇಲೆ ಕೂತವು. ಕನ್ಸೋಲ್ ಪರದೆಗೆ ಹೋಯಿತು.

ಅಲ್ಲೊಂದು ತೊಂದರೆಯಿತ್ತು. ಯಂತ್ರ ಕೆಟ್ಟು ನಿಲ್ಲುವಾಗ ಕೊನೆಯದಾಗಿ ಹೇಳುವ ಕೆಲವು ಸಾಲುಗಳಲ್ಲೇ ಕಾರಣ ಇರುತ್ತದೆ. ಪರದೆ ಆರಿದರೆ ಅವು ಹೋದವು. ಡಿಸ್ಕಿನಲ್ಲಿ ಬರೆದಿಡೋಣ ಎಂದರೆ, ಬರೆಯಬೇಕಾದ ಯಂತ್ರವೇ ನಿಂತಿರುತ್ತದೆ. ಸರ್ವರ್ ಕೋಣೆಯಲ್ಲಿ ಸಾಲಾಗಿ ನಿಂತ ಎಷ್ಟೋ ಯಂತ್ರಗಳಿಗಂತೂ ಪರದೆಯೇ ಇರುವುದಿಲ್ಲ.

ಆಗ ನೆರವಿಗೆ ಬಂದದ್ದು ಹಳೆಯ ತಂತಿ. ಲಿನಕ್ಸ್ ಶುರುವಾಗುವಾಗ ಕೊಡುವ ಸೂಚನೆಗಳಲ್ಲಿ ‘ಕನ್ಸೋಲ್=ಟಿಟಿವೈಎಸ್0,115200’ ಎಂದು ಸೇರಿಸಿದರೆ ಅದರ ಮಾತು ಮೊದಲನೇ ಸೀರಿಯಲ್ ಪೋರ್ಟಿಗೆ ಹರಿಯುತ್ತದೆ. ಕೊನೆಯ ಅಂಕಿ ಸೆಕೆಂಡಿಗೆ ಎಷ್ಟು ಬಿಟ್ ಎಂಬ ಲೆಕ್ಕ. ಒಂದು ಅಕ್ಷರಕ್ಕೆ 10 ಬಿಟ್ ಹಿಡಿದರೆ ಸೆಕೆಂಡಿಗೆ 11,520 ಅಕ್ಷರ. ತಂತಿಯ ಆಚೆ ತುದಿಯಲ್ಲಿರುವ ಇನ್ನೊಂದು ಕಂಪ್ಯೂಟರ್ ಎಲ್ಲವನ್ನೂ ಉಳಿಸಿಕೊಳ್ಳುತ್ತದೆ. ಈ ಯಂತ್ರ ಸತ್ತರೂ ಅದರ ಕೊನೆಯ ಮಾತು ಅಲ್ಲಿರುತ್ತದೆ.

ಈ ತಂತಿಯನ್ನೇ ನಂಬಲು ಕಾರಣ ಅದರ ಸರಳತೆ. ಪರದೆಯಲ್ಲಿ ಚಿತ್ರ ಮೂಡಿಸಲು ದೊಡ್ಡ ತಂತ್ರಾಂಶ ಬೇಕು. ಸೀರಿಯಲ್ ಪೋರ್ಟಿಗೆ ಒಂದು ಅಕ್ಷರ ಕೊಟ್ಟು, ಅದು ಹೋದ ಮೇಲೆ ಮುಂದಿನದನ್ನು ಕೊಟ್ಟರೆ ಸಾಕು. ಅರ್ಧ ಕುಸಿದ ಯಂತ್ರವೂ ಅಷ್ಟು ಮಾಡಬಲ್ಲದು. ಆದರೆ ಎಚ್ಚರವೂ ಬೇಕು: ಅದೇ ತಂತಿಯಲ್ಲಿ ಲಾಗಿನ್‌ಗೂ ಅವಕಾಶ ಕೊಟ್ಟಿದ್ದರೆ, ತುದಿ ಯಾರ ಕೈಗೆ ಸಿಕ್ಕಿತೋ ಅವರು ಯಂತ್ರದ ಬಾಗಿಲಲ್ಲೇ ನಿಂತಂತೆ.

ಇದು ದೊಡ್ಡ ಕಂಪನಿಗಳ ಮಾತು ಮಾತ್ರ ಅಲ್ಲ. ಮನೆಯ ಎಷ್ಟೋ ವೈಫೈ ಡಬ್ಬಿಗಳ ಒಳಗಿನ ಬೋರ್ಡಿನಲ್ಲಿ ಮೂರು-ನಾಲ್ಕು ಸಣ್ಣ ಪಿನ್‌ಗಳಿರುತ್ತವೆ: ಕಳಿಸಲು ಒಂದು, ಪಡೆಯಲು ಒಂದು, ಗ್ರೌಂಡ್ ಒಂದು. ದೀಪ ಹತ್ತಿಯೂ ಕೆಲಸ ಮಾಡದ ಡಬ್ಬಿಯನ್ನು ಗುಜರಿಗೆ ಹಾಕುವ ಮುಂಚೆ, ಬಲ್ಲ ರಿಪೇರಿಯವರು ಅಲ್ಲಿಗೆ ತಂತಿ ಕೊಟ್ಟು ಅದು ಎಲ್ಲಿ ನಿಂತಿತೆಂದು ಓದುತ್ತಾರೆ.