ಕೈಗೆಟುಕುವ ಕೋವಿ

ಕೊಡಗಿನ ಐನ್‌ಮನೆಗಳೆಂಬ ಪೂರ್ವಿಕರ ಮನೆಗಳ ಗೋಡೆಯ ಮೇಲಿನ ಕಡವೆ ಕೊಂಬುಗಳನ್ನು ಪ್ರವಾಸಿಗರು ಶಿಕಾರಿಯ ಜಂಬ ಎಂದುಕೊಂಡು ಫೋಟೋ ತೆಗೆಯುತ್ತಾರೆ. ಜಂಬವೂ ಇತ್ತೆನ್ನಿ. ಆದರೆ ನಮ್ಮ ಮನೆಯಲ್ಲಿ ಅವು ಕೋವಿಯ ಗೂಟಗಳು. ಒಂದು ಜೊತೆ ಕೊಂಬಿನ ಮೇಲೆ ಅಡ್ಡಲಾಗಿ ಜೋಡುನಳಿಗೆ, ಅದರ ಕೆಳಗಿನ ಜೊತೆಯ ಮೇಲೆ ಮುತ್ತಜ್ಜನ ಕಾಲದ ಕೇಪಿನ ಕೋವಿ. ಅಜ್ಜಯ್ಯ ಕೈ ಎತ್ತಿದರೆ ಸಿಗುವ, ನಾವು ಮಕ್ಕಳು ಕುರ್ಚಿ ಹತ್ತಿದರೂ ಸಿಗದ ಎತ್ತರ. ತೋಟಾ ಮಾತ್ರ ಬೇರೆ ಕೋಣೆಯಲ್ಲಿ, ಪೆಟ್ಟಿಗೆಯೊಳಗೆ. ಮಳೆಗಾಲದಲ್ಲಿ ಎಣ್ಣೆಬಟ್ಟೆಯಿಂದ ನಳಿಗೆ ಒರೆಸುವುದು ನನ್ನ ಪಾಲಿನ ಕೆಲಸ. ಒಂದು ವಾರ ಮರೆತರೆ ಕೊಡಗಿನ ಮಳೆ ಕಬ್ಬಿಣವನ್ನು ತಿನ್ನಲು ಶುರುಮಾಡುತ್ತದೆ.

ಕೋವಿ ಕೈಗೆಟುಕುವಂತಿರಲು ಕಾರಣಗಳಿದ್ದವು. ಗದ್ದೆಗೆ ಹಂದಿ ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಸುದ್ದಿ ಮುಟ್ಟಿಸಬೇಕಿತ್ತು. ಮನೆಗಳು ಗುಡ್ಡಕ್ಕೊಂದರಂತೆ ಚದುರಿದ ನಾಡಿದು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಮೊದಲನೆಯದು ಕೇಳಿಸಿದೊಡನೆ ಜನ ಕೆಲಸ ನಿಲ್ಲಿಸಿ ಎರಡನೆಯದಕ್ಕೆ ಕಿವಿಗೊಡುತ್ತಿದ್ದರು. ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಗುಂಡು ಹಾರಲೇಬೇಕು. ನಾನು ಹುಟ್ಟಿದ ದಿನ ಯಾರೂ ಕೋವಿ ಇಳಿಸಲಿಲ್ಲ, ಹೆಣ್ಣಲ್ಲವೇ!

ಆಯುಧವನ್ನು ಕೈಯಳತೆಯಲ್ಲಿಡುವ ಜಾಣ್ಮೆ ಕೋವಿಗಿಂತ ಹಳೆಯದು. ಒಡಿಕತ್ತಿಯನ್ನು ಕೊಡವರು ಒರೆಯಲ್ಲಿಡುತ್ತಿರಲಿಲ್ಲ. ಸೊಂಟಪಟ್ಟಿಯ ಹಿಂಭಾಗಕ್ಕೆ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿ ಕಟ್ಟಿ, ಅಗಲ ಅಲಗಿನ ಆ ಕತ್ತಿಯನ್ನು ಬರಿದಾಗಿಯೇ ಅದರೊಳಗೆ ತೂರಿಸುತ್ತಿದ್ದರು. ಕೈ ಬೆನ್ನ ಹಿಂದೆ ಹೋದರೆ ಕತ್ತಿ ಹೊರಗೆ. ಮುಂದೆ ಚೇಲೆ ಎಂಬ ಸೊಂಟದ ಬಟ್ಟೆಯಲ್ಲಿ ಸಿಕ್ಕಿಸುವ, ಬೆಳ್ಳಿ ಕೆಲಸದ ಒರೆಯ ಪೀಚೆಕತ್ತಿಗಿಂತ ನನಗೆ ಈ ತೊಡಂಗ್ ಹೆಚ್ಚಿನ ಕಸುಬುಗಾರಿಕೆಯದೆಂದು ತೋರುತ್ತದೆ. ಮದುವೆ ಫೋಟೋಗಳಲ್ಲಿ ಪೀಚೆಕತ್ತಿಯೇ ಮಿಂಚುತ್ತದೆ, ಬೆನ್ನು ಕಾಣುವುದಿಲ್ಲವಲ್ಲ.

ಆದರೆ ವರ್ಷದಲ್ಲಿ ಒಂದಷ್ಟು ಕಾಲ ಆ ಕೊಂಬುಗಳು ಬರಿದಾಗಿರುತ್ತಿದ್ದವು. ಗದ್ದೆ ಕೆಲಸ ಬಿರುಸಾದಾಗ ಆಯುಧಗಳೆಲ್ಲ ದೇವರ ಕೋಣೆಯಾದ ಕನ್ನಿಕೋಂಬರೆ ಸೇರುತ್ತಿದ್ದವು. ನಾಟಿ ಮುಗಿಯುವವರೆಗೆ ಬೇಟೆಯಿಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ, ನಮ್ಮ ಕಡೆ ಸೆಪ್ಟೆಂಬರ್ 3ರಂದು, ಅವನ್ನು ತೊಳೆದು, ಗಂಧ ಹಚ್ಚಿ, ನಳಿಗೆಯ ಬಾಯಿಗೆ ಕೆಂಪು ಹಳದಿಯ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಮನೆಯ ಹಿರಿಯ ಕೋವಿಯನ್ನು ಕಿರಿಯರ ಕೈಗೆ ಕೊಡುವಾಗ, ಯಾರೊಡನೆ ಕಾಲುಕೆರೆಯಬಾರದು, ಯಾರಿಗೆ ನೆರವಾಗಬೇಕು ಎಂಬ ಬುದ್ಧಿಮಾತೂ ಜೊತೆಗೇ ಬರುತ್ತಿತ್ತು. ಆಮೇಲೆ ಪಂದಿಕರಿ, ಕಡಂಬುಟ್ಟಿನ ಊಟ. ಮೈದಾನದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಮನೆಯವರೇ ವರ್ಷಕ್ಕೊಮ್ಮೆ ತಮ್ಮ ಕೋವಿಗಳನ್ನು ತಮ್ಮಿಂದಲೇ ದೂರವಿಟ್ಟುಕೊಳ್ಳುತ್ತಿದ್ದ ಈ ಕಟ್ಟಳೆಯೇ ಆ ಗೂಟಗಳಿಗೆ ಅರ್ಥ ಕೊಟ್ಟಿತ್ತೆಂದು ನನ್ನ ನಂಬಿಕೆ.

ಕಾಯಿದೆಯ ಕಥೆ ಅಷ್ಟು ಅಂದವಾಗಿಲ್ಲ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅದರ ವಿರುದ್ಧ 1837ರಲ್ಲಿ ಎದ್ದ ಅಮರಸುಳ್ಯದ ದಂಗೆಯನ್ನು ಅಡಗಿಸಲು ನೆರವಾದವರಿಗೆ ಕಂಪನಿ ಪದಕ ಹಂಚಿತು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿತು. 1857ರ ಬಳಿಕ ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅದು ಕೊಡಗಿಗೆ ಅನ್ವಯಿಸದೆಂದು ಪ್ರಕಟಿಸಿದ. ನಮ್ಮ ಶೌರ್ಯವನ್ನೂ ನಿಷ್ಠೆಯನ್ನೂ ಅದರಲ್ಲಿ ಹೊಗಳಿದ್ದಾನೆ. ಹೊಗಳಿಕೆಯನ್ನು ನಮ್ಮವರು ಬಾಯಿಪಾಠ ಒಪ್ಪಿಸುತ್ತಾರೆ. ಆ ನಿಷ್ಠೆಯ ಬೆಲೆ ತೆತ್ತವರು ಯಾರೆಂದು ಕೇಳುವವರು ಕಡಿಮೆ.

ಆಯುಧವನ್ನು ಕೈಯಳತೆಯಲ್ಲಿಡುವ ಈ ಕಾಲದ ಬಗೆಯೂ ಒಂದಿದೆ. ಅಮೆರಿಕದಲ್ಲಿರುವ ಸೋದರಳಿಯ ಅದರ ಒಂದು ಫೋಟೋ ಕಳಿಸಿದ್ದ. ಮಂಚದ ಚೌಕಟ್ಟಿನ ಒಳಬದಿಗೆ ಎರಡು ಸ್ಕ್ರೂ, ರಬ್ಬರು ಹೊದಿಸಿದ ಒಂದು ಅಯಸ್ಕಾಂತ, ಅದಕ್ಕೆ ಅಂಟಿಕೊಂಡ ಪಿಸ್ತೂಲು. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತ ಅಂಗೈಯಷ್ಟು ಚಿಕ್ಕದಿದ್ದರೂ ಇಂಥ ಭಾರವನ್ನು ಸಲೀಸಾಗಿ ಹಿಡಿದುಕೊಳ್ಳುತ್ತದೆ. "ಗುಂಡು ತುಂಬಿದ್ದೀಯೇನೋ?" ಎಂದೆ. "ತುಂಬದಿದ್ದರೆ ಅಲ್ಲಿಟ್ಟು ಏನು ಪ್ರಯೋಜನ, ಮಾಮಿ?" ಎಂದ. ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಮಂಚದ ಪಕ್ಕ ಎಂದರೆ ಅವಳ ಎತ್ತರವೇ. ಅಜ್ಜಯ್ಯನ ಕೋವಿ ಹಂದಿಗೆ, ಹಬ್ಬಕ್ಕೆ, ಸಾವಿಗೆ ಕಾಯುತ್ತಿತ್ತು. ಇದು ಕತ್ತಲಲ್ಲಿ ಬರಬಹುದಾದ ಯಾರೋ ಒಬ್ಬ ಮನುಷ್ಯನಿಗಾಗಿ ಕಾಯುತ್ತಿದೆ. ಇದನ್ನೇ ಅವನಿಗೆ ಹೇಳಿದೆ. ಅಲ್ಲಿಯ ಬದುಕು ನಿಮಗೆ ತಿಳಿಯದು ಎಂದ.

ಇಲ್ಲಿಯೂ ಎಲ್ಲ ಹಾಗೇ ಉಳಿದಿಲ್ಲ. 1972ರ ವನ್ಯಜೀವಿ ಕಾಯಿದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು. ಕೋವಿ ಲೈಸೆನ್ಸಿನ ವಿನಾಯಿತಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ 2029ರವರೆಗಿದೆ, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೇ ಬೇಡವೇ ಎಂಬ ಜಗ್ಗಾಟ ಶುರುವಾಗುತ್ತದೆ. ನಮ್ಮ ಎರಡೂ ಕೋವಿಗಳು ಈಗ ಕಬ್ಬಿಣದ ಕಪಾಟಿನಲ್ಲಿವೆ. ಬೀಗದ ಕೈ ಗೋಣಿಕೊಪ್ಪಲಿನಲ್ಲಿರುವ ತಮ್ಮನ ಬಳಿ. ಗದ್ದೆಗೆ ಹಂದಿ ಬಂದರೆ ಆಳುಗಳು ಪಟಾಕಿ ಸಿಡಿಸುತ್ತಾರೆ.