ಚೌಕ ತಿರುಗಿತು, ನಕ್ಷತ್ರವಾಯಿತು

ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬಾಗೂರಿನಂತೆಯೇ ಇನ್ನೊಂದು ಹೋಬಳಿ ಕೇಂದ್ರ ನುಗ್ಗೇಹಳ್ಳಿ. ಹೊಯ್ಸಳ ದೊರೆ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಇಲ್ಲಿ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿಸಿದ. ಮೂರು ವರ್ಷಗಳ ನಂತರ, 1249ರಲ್ಲಿ, ಸದಾಶಿವ ದೇವಾಲಯ ತಲೆಯೆತ್ತಿತು. ಮೊದಲನೆಯದು ಮಲ್ಲಿತಮ್ಮ, ಬೈಚೋಜರ ಶಿಲ್ಪಗಳಿಗೆ ಹೆಸರುವಾಸಿ. ಎರಡನೆಯದರಲ್ಲಿ ಅಲಂಕಾರ ಕಡಿಮೆ. ಅದರ ಚೆಲುವಿರುವುದು ಲೆಕ್ಕದಲ್ಲಿ.

ಆ ಲೆಕ್ಕ ಸರಳವಾದದ್ದು. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಸಮ ಅಳತೆಯಲ್ಲಿ ತಿರುಗಿಸುತ್ತಾ ಹೋದರೆ ಮೂಲೆಗಳೆಲ್ಲ ಒಂದೇ ವೃತ್ತದ ಮೇಲೆ ನಿಂತು ನಕ್ಷತ್ರವಾಗುತ್ತದೆ. 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿದರೆ ನಾಲ್ಕು ಚೌಕ, 16 ಮೂಲೆ. 13ನೇ ಶತಮಾನದ ಸೋಮನಾಥಪುರದ ಗರ್ಭಗುಡಿಗಳ ತಳವಿನ್ಯಾಸ ಈ 16 ಮೂಲೆಯ ನಕ್ಷತ್ರವೇ. ಒಂದು ಬದಿ ಮಂಟಪಕ್ಕೆ ಸೇರುವುದರಿಂದ ಎಲ್ಲ ಮೂಲೆಗಳೂ ಹೊರಗೆ ಕಾಣುವುದಿಲ್ಲ, ಅಷ್ಟೆ.

ಆದರೆ ತಿರುಗಿಸುವ ಮುನ್ನ ಮೊದಲ ಚೌಕ ಯಾವ ದಿಕ್ಕಿಗೆ ನಿಲ್ಲಬೇಕೆಂಬುದು ಗೊತ್ತಾಗಬೇಕಲ್ಲವೇ? ವಾಸ್ತುಗ್ರಂಥ ‘ಮಯಮತ’ ಇದಕ್ಕೆ ಶಂಕುವಿನ ದಾರಿ ತೋರಿಸುತ್ತದೆ. ಮಟ್ಟಸ ನೆಲದಲ್ಲಿ ಶಂಕು ನೆಟ್ಟು ಸುತ್ತ ವೃತ್ತ ಎಳೆಯಬೇಕು. ನೆರಳಿನ ತುದಿ ಬೆಳಿಗ್ಗೆ ವೃತ್ತವನ್ನು ಮುಟ್ಟುವ ಜಾಗ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟುವ ಜಾಗ ಎರಡನ್ನೂ ಸೇರಿಸಿದರೆ ಪೂರ್ವ–ಪಶ್ಚಿಮ ರೇಖೆ. ಅದಕ್ಕೆ ಲಂಬವಾಗಿ ಎಳೆದದ್ದು ಉತ್ತರ–ದಕ್ಷಿಣ. ಮೇಲಕ್ಕೆ ನೇರ ಯಾವುದೆಂದು ತೂಗುಗುಂಡು ಹೇಳುತ್ತದೆ. ಅಲ್ಲಿಗೆ ಮೂರು ಸಮತಲಗಳು ಸಿದ್ಧ: ಒಂದು ನೆಲದ್ದು, ಎರಡು ನೆಟ್ಟಗೆ ನಿಂತವು.

ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ರಚಿಸುವವರು ಇಂದು ಆರಂಭಿಸುವುದೂ ಈ ಮೂರು ಸಮತಲಗಳಿಂದಲೇ. ಸ್ಥಾನವನ್ನು ಅಂಕಿಗಳಲ್ಲಿ ಹೇಳುವ ಕ್ರಮಕ್ಕೆ ಫ್ರಾನ್ಸಿನ ದೆಕಾರ್ತೆ 1637ರಲ್ಲಿ ಬುನಾದಿ ಹಾಕಿದ. 1982ರಲ್ಲಿ ಬಂದ ಆಟೋಕ್ಯಾಡ್ ನಕಾಶೆಯ ಕೆಲಸವನ್ನು ಕಾಗದದಿಂದ ಪರದೆಗೆ ತಂದ ತಂತ್ರಾಂಶಗಳಲ್ಲಿ ಮುಖ್ಯವಾದುದು.

ಪರದೆಯಾದರೋ ಚಪ್ಪಟೆ. ಕೈಯಾಡಿಸಿದ ಗೆರೆ ಮುಂದಿನ ಗೋಡೆಯ ಮೇಲಿದೆಯೋ, ಹತ್ತು ಅಡಿ ಹಿಂದಿದೆಯೋ ಯಂತ್ರಕ್ಕೆ ತಿಳಿಯದು. ಆದ್ದರಿಂದ ಮೊದಲು ಸಮತಲವನ್ನು ಆರಿಸಿ, ಬೇಕಾದ ಮುಖದ ಕಡೆಗೆ ತಿರುಗಿಸಿ, ಬಳಿಕವೇ ಗೆರೆ ಎಳೆಯಬೇಕು. ನಕ್ಷತ್ರಾಕಾರದ ಗುಡಿಯಲ್ಲಿ ಪ್ರತಿ ಮುಖವೂ ಪಕ್ಕದ್ದಕ್ಕಿಂತ ಬೇರೆ ದಿಕ್ಕಿಗೆ ನೋಡುತ್ತದೆ. ಓರೆ ಮುಖದ ವಿಗ್ರಹವನ್ನು ಎದುರಿನ ಸಮತಲದಲ್ಲಿ ಬರೆದುಬಿಟ್ಟರೆ ಮುಂದಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪಕ್ಕದಿಂದ ನೋಡಿದಾಗಲೇ ಗೊತ್ತಾಗುವುದು, ವಿಗ್ರಹದ ಒಂದು ಅಂಚು ಗೋಡೆಯೊಳಗೆ ಹೂತಿದೆ, ಇನ್ನೊಂದು ಗಾಳಿಯಲ್ಲಿ ತೇಲುತ್ತಿದೆ ಎಂದು!

ಇದು ಬರಿಯ ಪರದೆಯ ಆಟವಲ್ಲ. 2020ರ ನವೆಂಬರಿನಲ್ಲಿ ಹಾಸನ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದಲ್ಲಿ ಕಾಳಿಯ ವಿಗ್ರಹ ಭಗ್ನಗೊಂಡಿತು. ಪುರಾತತ್ವ ಇಲಾಖೆ ತುಂಡುಗಳನ್ನು ಜೋಡಿಸಿ ನಿಲ್ಲಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಒಂದೊಂದು ಕಲ್ಲೂ ಯಾವ ಓರೆಯಲ್ಲಿತ್ತೆಂಬ ದಾಖಲೆ ಕೈಯಲ್ಲಿದ್ದರೆ ಊಹೆಗೆ ಎಡೆಯಿರುವುದಿಲ್ಲ. ದಿಕ್ಕು ತಪ್ಪಿದ ದಾಖಲೆಯಾದರೆ ದುರಸ್ತಿಯೂ ದಿಕ್ಕು ತಪ್ಪುತ್ತದೆ.

2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ತಾಣಗಳು ಮೂರು: ಬೇಲೂರು, ಹಳೇಬೀಡು, ಸೋಮನಾಥಪುರ. ನುಗ್ಗೇಹಳ್ಳಿಯಂಥ ಊರುಗಳ ಗುಡಿಗಳು ಅದರ ಹೊರಗಿವೆ. ಬಳಪದ ಕಲ್ಲು ಮೆದು. ಉಳಿಗೆ ಒಲಿದಷ್ಟೇ ಸುಲಭವಾಗಿ ಪೆಟ್ಟಿಗೂ ಒಡೆಯುತ್ತದೆ. ಕಲ್ಲು ನಿಂತಿರುವಾಗಲೇ ಅದರ ಅಳತೆಯ ಜೊತೆಗೆ ದಿಕ್ಕನ್ನೂ ಬರೆದಿಡುವುದು ಜಾಣತನ.