ವಿದ್ಯುತ್ ವಾಹನದ ಪ್ಲಗ್ಗು: ಒಂದು ಒಪ್ಪಂದದ ಇತಿಹಾಸ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವರು ಉಣಕಲ್ ಕೆರೆಯನ್ನು ದಾಟಿದ ಮೇಲೆ ಬೈರಿದೇವರಕೊಪ್ಪವನ್ನು ತಲುಪುತ್ತಾರೆ. ಒಂದು ಕಾಲಕ್ಕೆ ಎರಡು ಊರುಗಳ ನಡುವಿನ ಹಳ್ಳಿಯಾಗಿದ್ದ ಇದು ಇಂದು ಅವಳಿ ನಗರದ ಒಂದು ಭಾಗವೇ ಆಗಿದೆ. ಸ್ವಲ್ಪ ಮುಂದೆ ಹೋದರೆ ನವನಗರ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮೊದಲಾದ ಏಳು ಜಿಲ್ಲೆಗಳಿಗೆ ವಿದ್ಯುತ್ತನ್ನು ಹಂಚುವ ಹೆಸ್ಕಾಂ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಅಲ್ಲಿಯೇ. ಈ ರಸ್ತೆಯಲ್ಲಿ ಚಿಗರಿ ಬಸ್ಸುಗಳ ಜೊತೆಗೆ ಈಗ ಹಸಿರು ನಂಬರ್ ಫಲಕದ ವಾಹನಗಳೂ ಓಡಾಡುತ್ತವೆ. ಅವು ಪೆಟ್ರೋಲು, ಡೀಸೆಲ್ಲುಗಳ ಹಂಗಿಲ್ಲದ ವಿದ್ಯುತ್ ವಾಹನಗಳು.

ಇಂಥ ವಾಹನವನ್ನು ಇಟ್ಟುಕೊಂಡವರು ಪರ ಊರಿಗೆ ಹೊರಟರೆ ಮೊದಲು ಕೇಳುವ ಪ್ರಶ್ನೆ ಒಂದೇ: 'ನಮ್ಮ ಗಾಡಿಗೆ ಅಲ್ಲಿಯ ಗನ್ ಕೂಡ್ತೈತೇನ್ರೀ?' ಚಾರ್ಜಿಂಗ್ ಕೇಂದ್ರದಿಂದ ವಾಹನಕ್ಕೆ ಸೇರಿಸುವ ಕೊಂಡಿಗೆ ಜನ ಇಟ್ಟ ಹೆಸರು ಗನ್. ಪೆಟ್ರೋಲ್ ಬಂಕಿನಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಇದು ಏಕೆ ಹುಟ್ಟಿತು? ಇದಕ್ಕೆ ಉತ್ತರ ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ಇತಿಹಾಸದಲ್ಲಿದೆ.

ಗೇಜಿನ ಪಾಠ

ಹುಬ್ಬಳ್ಳಿಯ ಜನರಿಗೆ ಈ ಬಗೆಯ ತೊಡಕು ಹೊಸದೇನಲ್ಲ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಈ ಭಾಗದಲ್ಲಿ ಹಾಕಿದ್ದು ಮೀಟರ್ ಗೇಜ್ ಹಳಿ. ಅದರ ಎರಡು ಕಂಬಿಗಳ ನಡುವಿನ ಅಂತರ 1000 ಮಿಲಿಮೀಟರ್. ಮುಂಬಯಿಯಿಂದ ಸೊಲ್ಲಾಪುರದ ಮೂಲಕ ಹಾದುಹೋಗುತ್ತಿದ್ದ ಹಳಿಯಾದರೋ 1676 ಮಿಲಿಮೀಟರಿನ ಬ್ರಾಡ್ ಗೇಜ್. ಕಿರಿದಾದ ಹಳಿ ಅಗ್ಗವೆಂಬುದೇ ಈ ಆಯ್ಕೆಗೆ ಮುಖ್ಯ ಕಾರಣವಾಗಿತ್ತು. ಆದರೆ ಗದಗಿನಿಂದ ಹೊರಟ ಹತ್ತಿಯ ಅಂಡಿಗೆಗಳನ್ನು ಹೊಟಗಿ ನಿಲ್ದಾಣದಲ್ಲಿ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದು ಡಬ್ಬಿಗೆ ಏರಿಸಬೇಕಾಗುತ್ತಿತ್ತು. ಮುಂದೆ 1971ರ ಹೊತ್ತಿಗೆ ಪುಣೆ-ಮಿರಜ ಮಾರ್ಗ ಬ್ರಾಡ್ ಗೇಜ್ ಆದಾಗ, ಹುಬ್ಬಳ್ಳಿ-ಧಾರವಾಡದಿಂದ ಮುಂಬಯಿಗೆ ಹೋಗುವವರು ಮಿರಜದಲ್ಲಿ ಗಾಡಿ ಬದಲಿಸಬೇಕಾಯಿತು. ಹೆಗಲ ಮೇಲೆ ಹಾಸಿಗೆ ಸುರುಳಿ, ಕೈಯಲ್ಲಿ ಮಗು ಇಟ್ಟುಕೊಂಡು ಮಿರಜದ ಪ್ಲಾಟ್‌ಫಾರ್ಮಿನಲ್ಲಿ ಓಡಿದ ನೆನಪು ನಮ್ಮ ಹಿರಿಯ ವೀಕ್ಷಕರಲ್ಲಿ ಅನೇಕರಿಗೆ ಇದ್ದೀತು.

1992ರಲ್ಲಿ ದೇಶದಲ್ಲೆಲ್ಲ ಒಂದೇ ಗೇಜ್ ಎಂಬ ಯೋಜನೆ ಆರಂಭವಾಗಿ, ಆ ದಶಕದಲ್ಲಿ ಹುಬ್ಬಳ್ಳಿಯ ಮುಖ್ಯ ಮಾರ್ಗಗಳು ಬ್ರಾಡ್ ಗೇಜ್ ಆದವು. ಎರಡು ಕಂಬಿಗಳ ನಡುವಿನ ಅಂತರ ಎಷ್ಟಿರಬೇಕೆಂಬ ಒಪ್ಪಂದಕ್ಕೆ ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಆ ವಿಳಂಬದ ಕೂಲಿಯನ್ನು ಪ್ರಯಾಣಿಕನೂ ವ್ಯಾಪಾರಿಯೂ ದಿನದಿನವೂ ತೆತ್ತರು. ವಿದ್ಯುತ್ ವಾಹನದ ಕೊಂಡಿಯ ಕಥೆಯೂ ಇದೇ ಜಾತಿಯದು.

ಮನೆಯ ಪವರ್ ಪ್ಲಗ್ಗಿನಿಂದ

ನಮ್ಮ ಮನೆಗಳಲ್ಲಿರುವ ಮೂರು ದುಂಡು ಪಿನ್ನುಗಳ ಪ್ಲಗ್ಗು ಮೂಲತಃ ಬ್ರಿಟಿಷ್ ಮಾದರಿ. ಬ್ರಿಟಿಷರು 1947ರಲ್ಲಿ ಚೌಕ ಪಿನ್ನಿನ ಹೊಸ ಮಾದರಿಯನ್ನು ಅಂಗೀಕರಿಸಿ ಕ್ರಮೇಣ ಅದಕ್ಕೆ ಹೊರಳಿದರು. ನಾವು ಹಳೆಯದನ್ನೇ ಉಳಿಸಿಕೊಂಡೆವು. ದೀಪ, ಫ್ಯಾನುಗಳಿಗೆ ಸಣ್ಣದು, ಇಸ್ತ್ರಿ ಪೆಟ್ಟಿಗೆ, ಗೀಸರುಗಳಿಗೆ ದೊಡ್ಡದು. ದೊಡ್ಡದನ್ನೇ ನಾವು ಪವರ್ ಪ್ಲಗ್ ಎನ್ನುವುದು. ಇದು ದೇಶದ ಎಲ್ಲ ಮೂಲೆಗಳಲ್ಲೂ ಒಂದೇ ಅಳತೆಯದಾಗಿರುವುದರಿಂದ ಇದರ ಬಗ್ಗೆ ನಾವು ಯೋಚಿಸುವುದೇ ಇಲ್ಲ.

ಭಾರತದ ವಿದ್ಯುತ್ ಕಾರಿನ ಇತಿಹಾಸದಲ್ಲಿ ಮರೆಯಲಾಗದ ಹೆಸರು ಬೆಂಗಳೂರಿನ ರೇವಾ. ಚೇತನ್ ಮೈನಿ ಅವರ ಮುಂದಾಳ್ತನದಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಕಾರು ಲಂಡನ್ನಿನ ಬೀದಿಗಳಲ್ಲೂ ಓಡಿತು. ಸೀಸ ಮತ್ತು ಆಮ್ಲದ ಬ್ಯಾಟರಿಗಳು, ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರ್ ಓಟ, ಪೂರ್ತಿ ತುಂಬಲು ಸುಮಾರು ಎಂಟು ಗಂಟೆ. ಆದರೆ ಅದಕ್ಕೆ ಬೇಕಾದದ್ದು ಮನೆಯ 15 ಆಂಪಿಯರಿನ ಪವರ್ ಪ್ಲಗ್ ಮಾತ್ರ. ರೇವಾದ ಒಡೆಯನಿಗೆ ಗನ್ ಕೂಡುತ್ತದೆಯೋ ಇಲ್ಲವೋ ಎಂಬ ಚಿಂತೆ ಇರಲಿಲ್ಲ. ಇಂದಿಗೂ ಅನೇಕ ವಿದ್ಯುತ್ ಆಟೋಗಳು ಈ ಪ್ಲಗ್ಗನ್ನೇ ನೆಚ್ಚಿಕೊಂಡಿವೆ.

ತೊಡಕು ಹುಟ್ಟಿದ್ದು ವೇಗ ಬೇಕೆನಿಸಿದಾಗ. ಮನೆಯ ಪ್ಲಗ್ಗಿನಿಂದ ಗಂಟೆಗೆ ಸಿಗುವುದು ಸುಮಾರು ಮೂರು ಯೂನಿಟ್ ವಿದ್ಯುತ್ತು. ದೊಡ್ಡ ಬ್ಯಾಟರಿಯನ್ನು ಒಂದು ಗಂಟೆಯೊಳಗೆ ತುಂಬಿಸಬೇಕಾದರೆ ಹತ್ತಾರು ಪಟ್ಟು ಹೆಚ್ಚು ಶಕ್ತಿ ಹರಿಯಬೇಕು. ಅದಕ್ಕೆ ದಪ್ಪ ತಂತಿ, ಬೀಗ ಬೀಳುವ ಕೊಂಡಿ, ಶಾಖವನ್ನು ಅಳೆಯುವ ಸಾಧನ ಎಲ್ಲವೂ ಬೇಕು. ಅಂಥ ಕೊಂಡಿ ಹೇಗಿರಬೇಕೆಂಬುದನ್ನು ಯಾರು ನಿರ್ಧರಿಸಬೇಕು?

ಹೊರದೇಶಗಳಲ್ಲಿ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಈ ಜಗಳ 1990ರ ದಶಕದಲ್ಲೇ ನಡೆಯಿತು. ಜನರಲ್ ಮೋಟಾರ್ಸ್ ಕಂಪನಿಯು 1996ರಲ್ಲಿ ಹೊರತಂದ ಇವಿ1 ಕಾರಿಗೆ ಹುಟ್ಟಿನಾಕಾರದ ಹಲಗೆಯೊಂದನ್ನು ತೂರಿಸಿದರೆ, ಲೋಹಕ್ಕೆ ಲೋಹ ತಾಗದೆ ಕಾಂತಶಕ್ತಿಯ ಮೂಲಕ ವಿದ್ಯುತ್ತು ಹರಿಯುತ್ತಿತ್ತು. ಫೋರ್ಡ್ ಮತ್ತು ಹೋಂಡಾ ಕಂಪನಿಗಳು ಲೋಹಸ್ಪರ್ಶದ ಬೇರೊಂದು ಕೊಂಡಿಯನ್ನು ಹಿಡಿದವು. 2001ರಲ್ಲಿ ಆ ರಾಜ್ಯದ ವಾಯು ಮಂಡಳಿಯು ಲೋಹಸ್ಪರ್ಶದ ಪಕ್ಷಕ್ಕೆ ತೀರ್ಪು ಕೊಟ್ಟಿತು. ಹುಟ್ಟಿನಾಕಾರದ ಚಾರ್ಜರುಗಳು ಮೂಲೆಗುಂಪಾದವು.

ಮುಂದೆ ಜಪಾನಿನಲ್ಲಿ 2010ರಲ್ಲಿ ಚಾಡೆಮೊ ಎಂಬ ಕೂಟ ರಚನೆಯಾಯಿತು. ಚಾರ್ಜ್ ಆಗುವಷ್ಟರಲ್ಲಿ ಒಂದು ಲೋಟ ಚಹಾ ಆಗಲಿ ಎಂಬ ಜಪಾನಿ ಉಪಚಾರದ ಮಾತನ್ನು ಆ ಹೆಸರು ನೆನಪಿಸುತ್ತದೆ. ಚೀನಾ ತನ್ನದೇ ಜಿಬಿ-ಟಿ ಎಂಬ ಮಾದರಿಯನ್ನು ಮಾಡಿಕೊಂಡಿತು. ಯುರೋಪಿನಲ್ಲಿ ಎ.ಸಿ. ವಿದ್ಯುತ್ತಿಗೆ ಟೈಪ್-2, ಅದರ ಕೆಳಗೇ ಎರಡು ದಪ್ಪ ಡಿ.ಸಿ. ಪಿನ್ನುಗಳನ್ನು ಸೇರಿಸಿದ ಸಿಸಿಎಸ್-2 ಎಂಬ ಜೋಡಿ ರೂಢಿಗೆ ಬಂದು, 2014ರಲ್ಲಿ ಯುರೋಪಿಯನ್ ಒಕ್ಕೂಟದ ಕಾನೂನಿನ ಒಪ್ಪಿಗೆಯನ್ನೂ ಪಡೆಯಿತು. ಅಮೆರಿಕದ ಟೆಸ್ಲಾ ಕಂಪನಿ ಬೇರೆಯದೇ ಕೊಂಡಿಯನ್ನು ಇಟ್ಟುಕೊಂಡು, 2022ರಲ್ಲಿ ಅದನ್ನು ಇತರರಿಗೂ ತೆರೆಯಿತು.

ನಮ್ಮಲ್ಲಿ ನಡೆದದ್ದು

2017ರಲ್ಲಿ ಭಾರತವೂ ಒಂದು ಮಾದರಿಯನ್ನು ರೂಪಿಸಿತು. ಐಐಟಿ ಮದರಾಸಿನ ಪ್ರೊ. ಅಶೋಕ್ ಝುನ್‌ಝುನ್‌ವಾಲಾ ಅವರ ನೇತೃತ್ವದ ಸಮಿತಿಯು ಭಾರತ್ ಎಸಿ-001 ಮತ್ತು ಭಾರತ್ ಡಿಸಿ-001 ಎಂಬ ಎರಡು ಬಗೆಗಳನ್ನು ಸೂಚಿಸಿತು. ಮೊದಲನೆಯದು ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಗಟ್ಟಿ ಪ್ಲಗ್ಗು. ಒಂದೇ ಪೆಟ್ಟಿಗೆಯಿಂದ ಮೂರು ವಾಹನಗಳಿಗೆ ತಲಾ 3.3 ಕಿಲೋವ್ಯಾಟ್. ಎರಡನೆಯದು 15 ಕಿಲೋವ್ಯಾಟಿನದು, ಅಂದಿನ 48 ಮತ್ತು 72 ವೋಲ್ಟಿನ ವಾಹನಗಳಿಗೆ ತಕ್ಕದ್ದು. ಅದರ ಕೊಂಡಿ ಚೀನೀ ಮಾದರಿಯದು. ಬಡ ದೇಶಕ್ಕೆ ಅಗ್ಗದ ಚಾರ್ಜರ್ ಬೇಕೆಂಬ ಕಾಳಜಿ ಇದರ ಹಿಂದೆ ಇತ್ತೆಂಬುದನ್ನು ಮರೆಯಬಾರದು. ಅದೇ ವರ್ಷ ಕರ್ನಾಟಕವು ದೇಶದಲ್ಲೇ ಮೊದಲನೆಯದಾಗಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ಸರ್ಕಾರಿ ಕಚೇರಿಗಳಿಗೆಂದು ಕೊಂಡ ಮೊದಲ ಟಾಟಾ ಟಿಗೋರ್, ಮಹೀಂದ್ರ ಇ-ವೆರಿಟೊ ಕಾರುಗಳು ಈ ಡಿಸಿ-001 ಕೊಂಡಿಯವೇ.

2018ರ ಏಪ್ರಿಲಿನಲ್ಲಿ ಕೇಂದ್ರ ಇಂಧನ ಸಚಿವಾಲಯವು ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಡ ಎಂದು ಸ್ಪಷ್ಟಪಡಿಸಿತು. ಇದರಿಂದ ಯಾರು ಬೇಕಾದರೂ ಕೇಂದ್ರ ತೆರೆಯುವಂತಾಯಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಮಾರ್ಗಸೂಚಿಯು ಪ್ರತಿ ಸಾರ್ವಜನಿಕ ಕೇಂದ್ರದಲ್ಲೂ ಸಿಸಿಎಸ್, ಚಾಡೆಮೊ, ಟೈಪ್-2, ಡಿಸಿ-001, ಎಸಿ-001 ಈ ಐದೂ ಬಗೆ ಇರತಕ್ಕದ್ದೆಂದು ವಿಧಿಸಿತು. ಯಾರಿಗೂ ಅನ್ಯಾಯವಾಗದಿರಲೆಂಬ ಸದುದ್ದೇಶವೇನೋ ಸರಿ. ಆದರೆ ಐದು ಬಾಗಿಲ ಅಂಗಡಿ ಕಟ್ಟಿ ಒಂದೇ ಬಾಗಿಲಿಗೆ ಗಿರಾಕಿಯನ್ನು ಕಾಯುವಂತಾದರೆ ಬಂಡವಾಳ ಹೂಡುವವರು ಯಾರು? 2019ರ ಅಕ್ಟೋಬರಿನಲ್ಲಿ ಆ ಕಟ್ಟುಪಾಡನ್ನು ಸಡಿಲಿಸಿ, ಆಯ್ಕೆಯನ್ನು ಕೇಂದ್ರ ನಡೆಸುವವರಿಗೇ ಬಿಡಲಾಯಿತು.

ಅಷ್ಟರಲ್ಲಿ ತೀರ್ಮಾನ ಮಾರುಕಟ್ಟೆಯಲ್ಲೇ ಆಗತೊಡಗಿತ್ತು. 2019ರ ಹ್ಯುಂಡೈ ಕೋನಾ, 2020ರ ಟಾಟಾ ನೆಕ್ಸಾನ್ ಇವಿ ಮತ್ತು ಎಂಜಿ ಝಡ್‌ಎಸ್ ಇವಿ ಕಾರುಗಳು ಸಿಸಿಎಸ್-2 ಕೊಂಡಿಯೊಡನೆ ಬಂದವು. ಇವುಗಳ ಬ್ಯಾಟರಿ 300 ವೋಲ್ಟಿಗೂ ಮೇಲ್ಪಟ್ಟದ್ದು. ಕಡಿಮೆ ವೋಲ್ಟಿನ ಡಿಸಿ-001 ಚಾರ್ಜರಿನಿಂದ ಅವಕ್ಕೆ ಪ್ರಯೋಜನವಿಲ್ಲ. ನಮ್ಮ ದೇಶದ ಮೂರು ಫೇಸಿನ ವಿದ್ಯುತ್ ಪೂರೈಕೆಯೂ ಯುರೋಪಿನದನ್ನೇ ಹೋಲುವುದರಿಂದ ಟೈಪ್-2 ಕೊಂಡಿ ನಮಗೆ ಸಹಜವಾಗಿ ಹೊಂದಿತು. ಹೀಗೆ ಎರಡು ಮೂರು ವರ್ಷಗಳಲ್ಲೇ ಸರ್ಕಾರಿ ಹಣದಿಂದ ನಿಲ್ಲಿಸಿದ ಪೆಟ್ಟಿಗೆಗಳೂ, ಮೊದಲ ಉತ್ಸಾಹದಲ್ಲಿ ಕೊಂಡ ಕಾರುಗಳೂ ಹಳೆಯ ಗೇಜಿನವಾಗಿ ಉಳಿದವು.

ಅಡಾಪ್ಟರ್ ಎಂಬ ಮಧ್ಯಸ್ಥ

ನಡುವೆ ಒಂದು ಅಡಾಪ್ಟರ್ ಹಾಕಿದರೆ ಆಗದೇ ಎಂದು ಕೇಳಬಹುದು. ಎರಡು ಪಿನ್ನಿಗೆ ಮೂರು ಪಿನ್ನು ಕೂಡಿಸುವ ಬಿಡಿ ಭಾಗ ದುರ್ಗದಬೈಲಿನ ಅಂಗಡಿಯಲ್ಲಿ ಸಿಕ್ಕಂತೆ ಇದೂ ಸಿಗಬೇಕಲ್ಲವೇ?

ಇಲ್ಲಿ ಒಂದು ಸೂಕ್ಷ್ಮವಿದೆ. ಚಾರ್ಜಿಂಗ್ ಕೊಂಡಿಯಲ್ಲಿ ವಿದ್ಯುತ್ತಿನ ಜೊತೆಗೆ ಮಾತೂ ಹರಿಯುತ್ತದೆ. 'ನಾನು ಇಷ್ಟು ಕೊಡಬಲ್ಲೆ' ಎಂದು ಕೇಂದ್ರ ಹೇಳಬೇಕು. 'ನನಗೆ ಇಷ್ಟು ಸಾಕು, ಈಗ ನಿಲ್ಲಿಸು' ಎಂದು ಕಾರು ಹೇಳಬೇಕು. ಎ.ಸಿ. ಕೊಂಡಿಗಳಾದ ಟೈಪ್-1 ಮತ್ತು ಟೈಪ್-2ಗಳ ಆಕಾರ ಬೇರೆಯಾದರೂ ಅವುಗಳ ಸಂಕೇತ ಒಂದೇ. ಆದ್ದರಿಂದ ಅವುಗಳ ನಡುವೆ ಸರಳ ಅಡಾಪ್ಟರ್ ಸಾಕು. ಆದರೆ ಚಾಡೆಮೊ ಮತ್ತು ಜಿಬಿ-ಟಿಗಳು ಮಾತಾಡುವ ರೀತಿ ಒಂದು, ಸಿಸಿಎಸ್ ಮಾತಾಡುವ ರೀತಿ ಇನ್ನೊಂದು. ಅವುಗಳ ನಡುವೆ ಬರೀ ತಂತಿ ಜೋಡಿಸಿದರೆ ಸಾಲದು, ಒಬ್ಬ ದುಭಾಷಿಯೇ ಬೇಕು. ಅಂಥ ಅಡಾಪ್ಟರ್ ಒಂದು ಪುಟ್ಟ ಗಣಕಯಂತ್ರವೇ ಸರಿ, ಬೆಲೆಯೂ ಹಾಗೆಯೇ. ಇನ್ನು ಗುಣಮಟ್ಟದ ಗುರುತಿಲ್ಲದ ಅಡಾಪ್ಟರುಗಳನ್ನೂ, ಅರ್ಥಿಂಗ್ ಇಲ್ಲದ ತೆಳು ಎಕ್ಸ್‌ಟೆನ್ಷನ್ ತಂತಿಗಳನ್ನೂ ಬಳಸುವುದು ಬೆಂಕಿಯೊಡನೆ ಸರಸವಾಡಿದಂತೆ. ಗಂಟೆಗಟ್ಟಲೆ ಪೂರ್ಣ ಪ್ರಮಾಣದ ವಿದ್ಯುತ್ತು ಹರಿದಾಗ ಸಡಿಲವಾದ ಒಂದು ಪಿನ್ನು ಸಾಕು, ಕೊಂಡಿ ಕರಗಲು.

ದ್ವಿಚಕ್ರ ವಾಹನಗಳಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಬೆಂಗಳೂರಿನ ಏಥರ್ ಕಂಪನಿಯು ತನ್ನ ಸ್ಕೂಟರಿಗೆಂದು ರೂಪಿಸಿದ ಕೊಂಡಿಯನ್ನು 2021ರಲ್ಲಿ ಇತರ ತಯಾರಕರಿಗೂ ತೆರೆದಿಟ್ಟಿತು. ಹೀರೊ ಕಂಪನಿಯ ವಿಡಾ ಅದನ್ನು ಅಳವಡಿಸಿಕೊಂಡಿತು. 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಅದನ್ನು ಹಗುರ ವಾಹನಗಳ ಭಾರತೀಯ ಮಾನಕವಾಗಿ ಅಂಗೀಕರಿಸಿತು. ಆದರೂ ಎಲ್ಲ ಸ್ಕೂಟರುಗಳ ಕೊಂಡಿ ಇನ್ನೂ ಒಂದಾಗಿಲ್ಲ.

ಈ ಇತಿಹಾಸದಿಂದ ನಾವು ತಿಳಿಯಬೇಕಾದದ್ದೇನು? ಒಪ್ಪಂದ ತಡವಾದಷ್ಟೂ ಅದರ ಬೆಲೆಯನ್ನು ತೆರುವವನು ಮೊದಲು ನಂಬಿ ಕೊಂಡವನು. ಅವಸರದ ಒಪ್ಪಂದಕ್ಕೂ ಅವನೇ ದಂಡ ಕಟ್ಟುತ್ತಾನೆ. ಹಾಗಾಗಿ ಹೊಸ ಮಾದರಿಯನ್ನು ಜಾರಿಗೆ ತರುವಾಗ ಹಳೆಯ ಕೊಂಡಿಯ ವಾಹನಗಳಿಗೆ ಕೆಲವು ವರ್ಷಗಳವರೆಗಾದರೂ ಒಂದೊಂದು ಊರಿನಲ್ಲಿ ಒಂದೊಂದು ಚಾರ್ಜರನ್ನು ಉಳಿಸಿಕೊಡುವುದು ನ್ಯಾಯ. ಮೀಟರ್ ಗೇಜ್ ಗಾಡಿಗಳನ್ನು ಒಂದೇ ದಿನದಲ್ಲಿ ನಿಲ್ಲಿಸಲಿಲ್ಲವಷ್ಟೇ.

ಕೊಳ್ಳುವವರೂ ಬಣ್ಣ, ಬೆಲೆಗಳ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಲಿ. ಇದರ ಕೊಂಡಿ ಯಾವ ಮಾದರಿಯದು? ನಾವು ಸಾಮಾನ್ಯವಾಗಿ ಹೋಗುವ ದಾರಿಯಲ್ಲಿ ಆ ಗನ್ ಎಲ್ಲೆಲ್ಲಿ ಇದೆ? ಮನೆಯ ಪವರ್ ಪ್ಲಗ್ಗಿನಿಂದ ಇದು ನಡೆಯುತ್ತದೆಯೇ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕ ಮೇಲೆ ಬೈರಿದೇವರಕೊಪ್ಪದಿಂದ ಹೊರಟವರು ಬೆಳಗಾವಿಯನ್ನೋ ದಾವಣಗೆರೆಯನ್ನೋ ನಿಶ್ಚಿಂತೆಯಿಂದ ಮುಟ್ಟಬಹುದು. ಮಿರಜದ ಪ್ಲಾಟ್‌ಫಾರ್ಮಿನಲ್ಲಿ ಓಡಿದಂತೆ ಓಡಬೇಕಾಗಿಲ್ಲ.